ಕಾಣೋದು ಬೇರೆ, ತಾಗೋದು ಬೇರೆ: ಟೇಬಲ್‌ಟಾಪ್ ಆಟದಲ್ಲಿ ನೋಟ ಮತ್ತು ಮರೆಯ ಲೆಕ್ಕ

ಹೋದ ಭಾನುವಾರ ಮಧ್ಯಾಹ್ನ ನಮ್ಮನೆ ಊಟದ ಟೇಬಲ್ ಮೇಲೆ ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನೋ ದಾಳ ಹಾಕಿ ಕಥೆ ಕಟ್ಟೋ ಆಟ ನಡೀತಿತ್ತು, ನಾಲ್ಕು ಜನ ಆಟಗಾರರು, ಆಟ ನಡೆಸೋಳು ನಾನು, ನಾಲ್ವರಲ್ಲಿ ಇಬ್ಬರಿಗೆ ಇದು ಎರಡನೇ ಸಲ ಅಷ್ಟೆ. ಆಳೆತ್ತರ ಪೇರಿಸಿಟ್ಟ ಪೀಪಾಯಿಗಳ ಹಿಂದೆ ಒಂದು ಗಾಬ್ಲಿನ್ (ಕಥೆಯ ಕುಳ್ಳ ದುಷ್ಟ ಜೀವಿ) ನಿಂತಿದೆ. ನನ್ನ ಚಿಕ್ಕಪ್ಪನ ಮಗಂದು ಬಿಲ್ಲುಗಾರನ ಪಾತ್ರ. "ಅಕ್ಕಾ, ಅದು ನಂಗೆ ಕಾಣತ್ತಾ?" ಅಂದ. ಕಾಣತ್ತೆ ಅಂದೆ. ದಾಳ ಹಾಕಿದ, ಎಲ್ಲಾ ಕೂಡಿ 16 ಬಂತು. ಗಾಬ್ಲಿನ್‌ಗೆ ತಾಗೋಕೆ 15 ಸಾಕು ಅಂತ ಅವನಿಗೆ ಆಗಲೇ ಗೊತ್ತಿತ್ತು, ಖುಷಿಯಾಗಿ ಎದ್ದೇ ನಿಂತ. ನಾನು "ಇಲ್ಲ ಕಣೋ, ಅರ್ಧ ಕವರ್ ಇದೆ, 17 ಬೇಕಿತ್ತು, ತಪ್ತು" ಅಂದೆ.

"ಕಾಣತ್ತೆ ಅಂತ ನೀನೇ ಹೇಳಿದ್ಯಲ್ಲಕ್ಕಾ, ಕಾಣ್ತಿದ್ರೆ ಯಾಕೆ ತಪ್ಪತ್ತೆ?"

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಪಕ್ಕದಲ್ಲಿ ಕೂತಿದ್ದ ಮಂತ್ರವಾದಿ ಪಾತ್ರದವಳು "ಹಂಗಾದ್ರೆ ನನ್ನ ಫೈರ್‌ಬಾಲ್ ಮಂತ್ರದ ಬೆಂಕಿಗೂ ಪೀಪಾಯಿ ಅಡ್ಡ ಬರತ್ತಾ?" ಅಂದಳು, ಇನ್ನೊಬ್ಬ "ಕಿಟಕಿ ಗಾಜಿನ ಆಚೆ ಇದ್ರೆ?" ಅಂದ, ಹಿಂಗೇ ಅರ್ಧ ಗಂಟೆ ಹೋಯ್ತು. ಈ ಆಟಕ್ಕೆ ಹೊಸದಾಗಿ ಬಂದೋರೆಲ್ಲ ಎಡವೋದು ಇಲ್ಲೇ, ಅದಕ್ಕೆ ಬುಡದಿಂದ ಬರೀತಾ ಇದೀನಿ. ಆಟ ಒಂದ್ಸಲಾನೂ ಆಡದೇ ಇರೋರಿಗೂ ಅರ್ಥ ಆಗ್ಬೇಕು ಅನ್ನೋದು ನನ್ನ ಆಸೆ.

## ಮೊದಲು ಆಟ ಹೇಗಿರತ್ತೆ ಅಂತ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಅಂದ್ರೆ ಎಲ್ಲರೂ ಸೇರಿ ಕಟ್ಟೋ ಕಥೆ. ಒಬ್ಬೊಬ್ಬರದು ಒಂದೊಂದು ಪಾತ್ರ, ಒಬ್ಬರು ಮಾತ್ರ ಉಳಿದ ಪ್ರಪಂಚ ಪೂರ್ತಿ ನಡೆಸ್ತಾರೆ, ಅವರನ್ನ ಡಂಜನ್ ಮಾಸ್ಟರ್ ಅಂತಾರೆ, ಬಾಯಲ್ಲಿ ಡಿಎಂ. ಆಗತ್ತೋ ಇಲ್ವೋ ಅನ್ನೋ ಕೆಲಸ ಬಂದಾಗ 20 ಮುಖದ ದಾಳ ಹಾಕೋದು, ಅದಕ್ಕೆ ಪಾತ್ರದ ಕೈಚಳಕದ ಅಂಕಿ ಕೂಡ್ಸೋದು. ಎದುರಾಳಿಗೆ ಆರ್ಮರ್ ಕ್ಲಾಸ್ ಅಂತ ಒಂದು ಅಂಕಿ ಇರತ್ತೆ, ಎಸಿ ಅಂತೀವಿ. ಒಟ್ಟು ಮೊತ್ತ ಎಸಿಗೆ ಸಮ ಅಥವಾ ಜಾಸ್ತಿ ಬಂದ್ರೆ ಏಟು ಬಿತ್ತು.

ಕಾದಾಟ ಬಂದಾಗ ತುಂಬಾ ಜನ ಚೌಕಳಿ ಹಾಕಿದ ಮ್ಯಾಪ್ ಹಾಸ್ತಾರೆ. ಚೌಕಾಬಾರದಲ್ಲಿ ಒಂದೊಂದು ಚೌಕಕ್ಕೆ ಮನೆ ಅಂತೀವಲ್ಲ, ಇಲ್ಲೂ ಹಾಗೇ ಅನ್ಕೊಳ್ಳಿ. ಒಂದು ಮನೆ ಅಂದ್ರೆ ಕಥೆಯೊಳಗೆ 5 ಅಡಿ. ಒಬ್ಬ ಮನುಷ್ಯನ ಗಾತ್ರದ ಕಾಯಿ ಒಂದು ಮನೇಲಿ ನಿಲ್ಲತ್ತೆ.

ಸರಿ, ಈಗ ಮ್ಯಾಪ್ ಮೇಲೆ ಒಂದು ಕಡೆ ನೀವು, ಇನ್ನೊಂದು ಕಡೆ ಗಾಬ್ಲಿನ್, ನಡುವೆ ಏನೋ ಒಂದು ಅಡ್ಡ ಇದೆ. ಏನಾಗತ್ತೆ?

## ಒಂದೇ ಪ್ರಶ್ನೆ ಥರ ಇರೋ ಮೂರು ಪ್ರಶ್ನೆ

ಬೇಕರಿಗೆ ಹೋಗಿ ಗಾಜಿನ ಶೋಕೇಸ್ ಮುಂದೆ ನಿಂತ್ಕೊಳ್ಳಿ. ಒಳಗಿರೋ ದಿಲ್‌ಪಸಂದ್ ಚೆನ್ನಾಗಿ ಕಾಣತ್ತೆ, ಅದರಲ್ಲಿರೋ ಟೂಟಿ ಫ್ರೂಟಿ ಕೂಡ ಕಾಣತ್ತೆ, ಆದ್ರೆ ಕೈ ಚಾಚಿದ್ರೆ ಗಾಜಿಗೆ ತಾಗತ್ತೆ. ಕಾಣತ್ತೆ, ತಲುಪಲ್ಲ.

ರಾತ್ರಿ ಕರೆಂಟ್ ಹೋಯ್ತು. ಟೀಪಾಯಿ ಮೇಲಿರೋ ನೀರಿನ ಲೋಟ ನಿಮ್ಮಿಂದ ಎರಡಡಿ ದೂರ, ನಡುವೆ ಏನೂ ಅಡ್ಡ ಇಲ್ಲ, ಕೈ ಆಡಿಸಿದ್ರೆ ಸಿಗತ್ತೆ, ಆದ್ರೆ ಕಾಣಲ್ಲ. ತಲುಪತ್ತೆ, ಕಾಣಲ್ಲ.

ಇನ್ನು ಎದುರುಮನೆಯವರು ಕಾಂಪೌಂಡ್ ಗೋಡೆ ಆಚೆ ನಿಂತು ನಿಮ್ಮ ಜೊತೆ ಮಾತಾಡ್ತಿದಾರೆ, ಎದೆಯಿಂದ ಮೇಲೆ ಮಾತ್ರ ಕಾಣ್ತಾರೆ. ಕಾಣತ್ತೆ, ತಲುಪತ್ತೆ ಕೂಡ, ಆದ್ರೆ ನೀವು ಒಂದು ಚೆಂಡು ಎಸೆದ್ರೆ ಅದು ಅವರ ಹೊಟ್ಟೆಗೆ ಬೀಳೋ ಜಾಗದಲ್ಲಿ ಗೋಡೆಗೆ ಬೀಳತ್ತೆ.

ಆಟದಲ್ಲಿ ಈ ಮೂರಕ್ಕೂ ಬೇರೆ ಬೇರೆ ಹೆಸರಿದೆ. ಕಣ್ಣಿಗೆ ಕಾಣತ್ತಾ ಅನ್ನೋದು ಲೈನ್ ಆಫ್ ಸೈಟ್. ಬಾಣ ಅಥವಾ ಮಂತ್ರ ಅಡ್ಡಿಯಿಲ್ಲದೆ ಅಲ್ಲಿಗೆ ಹೋಗತ್ತಾ ಅನ್ನೋದಕ್ಕೆ ಆಟದ ಹಳೇ ನಿಯಮ ಪುಸ್ತಕಗಳಲ್ಲಿ ಲೈನ್ ಆಫ್ ಎಫೆಕ್ಟ್ ಅಂತಿತ್ತು, 2014ರ ಪುಸ್ತಕದಲ್ಲಿ ಬರೀ "ದಾರಿ ಕ್ಲಿಯರ್ ಇರ್ಬೇಕು" ಅನ್ನೋ ಥರ ಹೇಳಿದಾರೆ. ಮೈ ಎಷ್ಟು ಮುಚ್ಚಿದೆ ಅನ್ನೋದು ಕವರ್, ನಮ್ಮ ಮಾತಲ್ಲಿ ಮರೆ. ನನ್ನ ತಮ್ಮ ಕೇಳಿದ್ದು ಮೊದಲನೇ ಪ್ರಶ್ನೆ, ನಾನು ಏಟು ತಪ್ತು ಅಂದಿದ್ದು ಮೂರನೇ ಪ್ರಶ್ನೆಯಿಂದ. ನಾನು ನೋಡಿದ ಮಟ್ಟಿಗೆ ಈ ವಿಷಯದಲ್ಲಿ ಬರೋ ಜಗಳ ಮುಕ್ಕಾಲುಪಾಲು ಹೀಗೇ, ಒಬ್ಬರು ಒಂದನೇದು ಕೇಳ್ತಿರ್ತಾರೆ, ಇನ್ನೊಬ್ಬರು ಮೂರನೇದಕ್ಕೆ ಉತ್ತರ ಕೊಡ್ತಿರ್ತಾರೆ.

## ಇದಕ್ಕೆಲ್ಲ ರೂಲ್ ಯಾಕೆ ಬೇಕಾಯ್ತು

ಎಚ್.ಜಿ. ವೆಲ್ಸ್ ಅನ್ನೋ ಇಂಗ್ಲಿಷ್ ಲೇಖಕ 1913ರಲ್ಲಿ ಆಟಿಕೆ ಸೈನಿಕರನ್ನ ಇಟ್ಕೊಂಡು ಆಡೋ ಯುದ್ಧದ ಆಟ ಒಂದರ ನಿಯಮ ಬರೆದು ಪುಸ್ತಕ ಮಾಡಿದ. ಅದ್ರಲ್ಲಿ ಸ್ಪ್ರಿಂಗ್ ಇರೋ ಆಟಿಕೆ ಫಿರಂಗಿಯಿಂದ ನಿಜವಾಗಲೂ ಚಿಕ್ಕ ಮರದ ಗುಂಡು ಹಾರಿಸ್ತಿದ್ರು. ಗುಂಡು ಸೈನಿಕನಿಗೆ ತಾಗಿ ಬಿದ್ರೆ ಸತ್ತ, ನಡುವೆ ಇರೋ ಆಟಿಕೆ ಮನೆಗೆ ತಾಗಿದ್ರೆ ಬದುಕ್ದ. ಅಲ್ಲಿ ಮರೆಗೆ ಅಂತ ಬೇರೆ ಅಂಕಿ ಬೇಕಿರಲಿಲ್ಲ, ವಸ್ತುನೇ ಮರೆ.

ಆಮೇಲೆ ಬಂದ ಯುದ್ಧದ ಆಟಗಳಲ್ಲಿ ಗುಂಡಿನ ಜಾಗಕ್ಕೆ ದಾಳ ಬಂತು. ಆ ಆಟಗಳ ಬಳಗದಿಂದಲೇ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ತಂದ್ರು. ದಾಳಕ್ಕೆ ಪೀಪಾಯಿ ಕಾಣಲ್ಲ, ಗೋಡೆ ಕಾಣಲ್ಲ, ಅದು ಬರೀ ಅಂಕಿ ಕೊಡತ್ತೆ. ಹಾಗಾಗಿ ಪೀಪಾಯಿನ ಅಂಕಿ ಮಾಡಿ ದಾಳದ ಲೆಕ್ಕಕ್ಕೆ ಸೇರಿಸ್ಬೇಕಾಯ್ತು. ಕವರ್ ರೂಲ್ ಅಂದ್ರೆ ಅಷ್ಟೇ. ಈಗಲೂ ವಾರ್‌ಹ್ಯಾಮರ್ ಥರದ ಆಟ ಆಡೋರು ಟೇಬಲ್ ಮಟ್ಟಕ್ಕೆ ಬಗ್ಗಿ, ತಮ್ಮ ಗೊಂಬೆಯ ಹಿಂದಿಂದ ಒಂದು ಕಣ್ಣು ಮುಚ್ಕೊಂಡು ಎದುರು ಗೊಂಬೆ ಕಾಣತ್ತಾ ಅಂತ ನೋಡೋದನ್ನ ನೋಡಿರಬಹುದು, ಅದು ಆ ಹಳೇ ಕಾಲದಿಂದ ಉಳ್ಕೊಂಡಿರೋ ಪದ್ಧತಿ.

## ಅರ್ಧ, ಮುಕ್ಕಾಲು, ಪೂರ್ತಿ

ಈಗ ಜಾಸ್ತಿ ಜನ ಆಡೋದು ಈ ಆಟದ ಐದನೇ ಆವೃತ್ತಿ, 2014ರಲ್ಲಿ ಬಂದಿದ್ದು, 2024ರಲ್ಲಿ ತಿದ್ದಿ ಮತ್ತೆ ಬಿಟ್ರು, ಮರೆಯ ಅಂಕಿಗಳು ಎರಡ್ರಲ್ಲೂ ಅವೇ. ಮೂರು ಮಟ್ಟ ಇದೆ.

ಮೈ ಕನಿಷ್ಠ ಅರ್ಧ ಮುಚ್ಚಿದ್ರೆ ಹಾಫ್ ಕವರ್, ಎಸಿಗೆ 2 ಸೇರತ್ತೆ. ಮೋಟು ಗೋಡೆ, ದೊಡ್ಡ ಮೇಜು, ಸಣ್ಣ ಕಾಂಡದ ಮರ (ತೆಂಗಿನಮರದ ಹಿಂದೆ ನಿಂತ್ರೆ ಎರಡೂ ಭುಜ ಆಚೆ ಕಾಣತ್ತಲ್ಲ ಹಾಗೆ), ಮತ್ತೆ ಇನ್ನೊಬ್ಬ ಮನುಷ್ಯ ಅಥವಾ ಪ್ರಾಣಿ. ಸುಮಾರು ಮುಕ್ಕಾಲು ಭಾಗ ಮುಚ್ಚಿದ್ರೆ ತ್ರೀ ಕ್ವಾರ್ಟರ್ಸ್ ಕವರ್, ಎಸಿಗೆ 5. ಕೋಟೆ ಗೋಡೇಲಿ ಬಾಣ ಬಿಡೋಕೆ ಅಂತ ಬಿಟ್ಟಿರೋ ಕಿಂಡಿ ಇದಕ್ಕೆ ಸರಿಯಾದ ಉದಾಹರಣೆ. ಚಿತ್ರದುರ್ಗದ ಕೋಟೆ ಹತ್ತಿದೋರು ಅಂಥ ಕಿಂಡಿಗೆ ಕಣ್ಣಿಟ್ಟು ನೋಡೇ ಇರ್ತೀರಿ. ಆಲದಮರದಂಥ ದಪ್ಪ ಬೊಡ್ಡೆ ಹಿಂದೆ ಇಣುಕ್ತಾ ಇದ್ರೂ ಇದೇ. ಇನ್ನು ಪೂರ್ತಿ ಮುಚ್ಚಿದ್ರೆ ಟೋಟಲ್ ಕವರ್, ಅಂಥವರನ್ನ ನೇರವಾಗಿ ಗುರಿ ಮಾಡೋಕೇ ಆಗಲ್ಲ, ದಾಳ ಹಾಕೋ ಮಾತೇ ಇಲ್ಲ.

ಎರಡು ಮರೆ ಒಟ್ಟಿಗೆ ಇದ್ರೆ ಕೂಡಿಸೋ ಹಾಗಿಲ್ಲ. ಮುಂದೆ ಒಬ್ಬ ಮನುಷ್ಯ, ಅವನ ಹಿಂದೆ ದಪ್ಪ ಮರ ಅಂದ್ರೆ 2 ಮತ್ತು 5 ಸೇರಿ 7 ಆಗಲ್ಲ, ದೊಡ್ಡದು ಯಾವ್ದೋ ಅದೊಂದೇ, 5.

2 ಅಂದ್ರೆ ಎಷ್ಟು ದೊಡ್ಡದು ಅನ್ನೋದು ಅಂಕಿ ಹಾಕಿ ನೋಡಿದ್ರೆ ಗೊತ್ತಾಗತ್ತೆ. ನನ್ನ ತಮ್ಮನ ಬಿಲ್ಲುಗಾರ ದಾಳಕ್ಕೆ 5 ಕೂಡಿಸ್ತಾನೆ ಅಂತಿಟ್ಕೊಳ್ಳಿ. ಎಸಿ 15 ಇರೋ ಗಾಬ್ಲಿನ್ ಬಯಲಲ್ಲಿ ನಿಂತಿದ್ರೆ ದಾಳದಲ್ಲಿ 10 ಅಥವಾ ಮೇಲೆ ಬರ್ಬೇಕು, 20ರಲ್ಲಿ 11 ಮುಖ ಅವನ ಪರ, ಅಂದ್ರೆ ನೂರಕ್ಕೆ 55. ಅರ್ಧ ಮರೆ ಇದ್ರೆ 45ಕ್ಕೆ ಇಳೀತು. ಮುಕ್ಕಾಲು ಮರೆ ಆದ್ರೆ ದಾಳದಲ್ಲಿ 15 ಬೇಕು, ಬರೀ 30. ಅಂದ್ರೆ ಕಿಂಡಿ ಹಿಂದೆ ನಿಂತ ಗಾಬ್ಲಿನ್‌ಗೆ ಬೀಳೋ ಏಟು ಹೆಚ್ಚುಕಮ್ಮಿ ಅರ್ಧಕ್ಕರ್ಧ ಕಮ್ಮಿ ಆಯ್ತು, ಯಾವ ಮಂತ್ರಾನೂ ಇಲ್ಲ, ಕಾಸೂ ಖರ್ಚಿಲ್ಲ, ನಿಂತ ಜಾಗ ಬದಲಾಯ್ತು ಅಷ್ಟೆ. ಹೊಸಬರು ಕಾದಾಟ ಶುರುವಾದ ತಕ್ಷಣ ಮೈದಾನದ ನಡುಮಧ್ಯ ಓಡಿ ಹೋಗಿ ನಿಲ್ತಾರೆ, ನಂಗೆ ಪ್ರತಿ ಸಲ ಹೊಟ್ಟೆ ಉರಿಯತ್ತೆ, ಪಕ್ಕದಲ್ಲೇ ಕಂಬ ಇರತ್ತೆ.

## ದಾರ ಹಿಡಿದು ನೋಡೋಣ

"ಕನಿಷ್ಠ ಅರ್ಧ" ಅಂತ ಯಾರು ಅಳೀತಾರೆ? ಮ್ಯಾಪ್ ಇಲ್ಲದೆ ಬರೀ ಬಾಯಿಮಾತಲ್ಲಿ ಆಡೋವಾಗ ಡಿಎಂ ಹೇಳಿದ್ದೇ ಲೆಕ್ಕ. ಮ್ಯಾಪ್ ಇದ್ರೆ 2014ರ ಡಿಎಂ ಪುಸ್ತಕದಲ್ಲಿ ಒಂದು ಉಪಾಯ ಇದೆ. ನಾನು ಇದಕ್ಕೆ ಹೂ ಕಟ್ಟೋ ದಾರ ಒಂದು ತುಂಡು ಇಟ್ಕೊಂಡಿದೀನಿ.

ಮೊದಲು ನೋಟ. ನಿಮ್ಮ ಮನೆಯ ಯಾವುದಾದ್ರೂ ಒಂದು ಮೂಲೆ ಆರಿಸ್ಕೊಳ್ಳಿ, ಅಲ್ಲಿಂದ ಎದುರಾಳಿಯ ಮನೆಯ ಯಾವುದಾದ್ರೂ ಒಂದು ಜಾಗಕ್ಕೆ ದಾರ ಹಿಡೀರಿ. ನೋಟ ತಡೆಯೋ ವಸ್ತು, ಗೋಡೆ, ದಪ್ಪ ಪರದೆ, ದಟ್ಟ ಮಂಜು, ಇವನ್ನ ದಾಟದೆ ಮುಟ್ಟದೆ ಒಂದೇ ಒಂದು ದಾರ ಹೋದ್ರೂ ಸಾಕು, ಲೈನ್ ಆಫ್ ಸೈಟ್ ಇದೆ. ಅಂದ್ರೆ ಕಾಣೋದು ತುಂಬಾ ಸುಲಭ, ಸಂದಿಲಿ ಒಂಚೂರು ಕಂಡ್ರೂ ಕಂಡಂಗೇ.

ಆಮೇಲೆ ಮರೆ. ಬಾಣ ಬಿಡೋರ ಮನೆಯ ಒಂದು ಮೂಲೆಯಿಂದ ಎದುರಾಳಿ ಮನೆಯ ನಾಲ್ಕೂ ಮೂಲೆಗೆ ನಾಲ್ಕು ದಾರ. ಒಂದು ಅಥವಾ ಎರಡು ದಾರಕ್ಕೆ ಅಡ್ಡ ಬಂದ್ರೆ ಅರ್ಧ ಮರೆ. ಮೂರು ಅಥವಾ ನಾಲ್ಕಕ್ಕೂ ಅಡ್ಡ ಬಂದು, ಆದ್ರೂ ಕಿಂಡಿ ಥರ ಏಟು ತೂರೋಕೆ ದಾರಿ ಇದ್ರೆ ಮುಕ್ಕಾಲು. ಯಾವ ಮೂಲೆ ಅನ್ನೋದನ್ನ ನಮ್ಮ ಟೇಬಲಲ್ಲಿ ಬಾಣ ಬಿಡೋರಿಗೇ ಬಿಡ್ತೀವಿ, ತಮಗೆ ಅನುಕೂಲ ಆಗೋ ಮೂಲೆ ಆರಿಸ್ಕೋತಾರೆ.

ಭಾನುವಾರದ ಜಗಳ ಹೀಗಿತ್ತು. ಗಾಬ್ಲಿನ್ ಕೆಳಗಿನ ಮೊದಲನೇ ಸಾಲಲ್ಲಿ, ಎಡದಿಂದ ಆರನೇ ಮನೆ. ಪೀಪಾಯಿ ರಾಶಿ ಅದೇ ಸಾಲಲ್ಲಿ ನಾಲ್ಕನೇ ಮನೆ ಪೂರ್ತಿ ತುಂಬ್ಕೊಂಡಿದೆ. ಬಿಲ್ಲುಗಾರ ಕೆಳಗಿಂದ ಮೂರನೇ ಸಾಲಲ್ಲಿ, ಎಡತುದಿಯ ಮೊದಲನೇ ಮನೆ. ಪೇಪರ್ ಮೇಲೆ ಬರ್ಕೊಂಡು ನೋಡಿ. ಬಿಲ್ಲುಗಾರನ ಮನೆಯ ಬಲಗಡೆ ಮೇಲಿನ ಮೂಲೆಯಿಂದ ದಾರ ಹಿಡಿದ್ರೆ ಗಾಬ್ಲಿನ್ ಮನೆಯ ಮೇಲಿನ ಎರಡು ಮೂಲೆಗೆ ಸಲೀಸಾಗಿ ಹೋಗತ್ತೆ, ಕೆಳಗಿನ ಬಲ ಮೂಲೆಗೂ ಪೀಪಾಯಿ ಮೇಲಿಂದ ಸ್ವಲ್ಪದರಲ್ಲೇ ತಪ್ಪಿಸ್ಕೊಂಡು ಹೋಗತ್ತೆ, ಕೆಳಗಿನ ಎಡ ಮೂಲೆಗೆ ಹೋಗೋ ದಾರ ಮಾತ್ರ ಪೀಪಾಯಿಗೆ ತಗುಲ್ಕೊಳತ್ತೆ. ನಾಲ್ಕರಲ್ಲಿ ಒಂದು. ಅರ್ಧ ಮರೆ, ಎಸಿ 17, ಮೊತ್ತ 16, ತಪ್ತು.

ಈಗ ತಿರುಗಿಸಿ. ಗಾಬ್ಲಿನ್ ವಾಪಸ್ ಬಾಣ ಬಿಡತ್ತೆ. ಅದು ತನ್ನ ಮನೆಯ ಎಡಗಡೆ ಮೇಲಿನ ಮೂಲೆ ಆರಿಸ್ಕೊಂಡ್ರೆ ಅಲ್ಲಿಂದ ಬಿಲ್ಲುಗಾರನ ನಾಲ್ಕೂ ಮೂಲೆಗೆ ದಾರ ಸರಾಗ, ಒಂದೂ ಪೀಪಾಯಿಗೆ ತಾಗಲ್ಲ. ಅಂದ್ರೆ ಗಾಬ್ಲಿನ್‌ಗೆ ಮರೆ ಇದೆ, ನಮ್ಮ ಬಿಲ್ಲುಗಾರನಿಗೆ ಇಲ್ಲ! ಇದನ್ನ ತೋರಿಸಿದಾಗ ತಮ್ಮ "ಇದು ಮೋಸ" ಅಂದ. ಮೋಸ ಅಲ್ಲ, ಮರೆಗೆ ಯಾರು ಹತ್ರ ಇದಾರೋ ಅವರಿಗೆ ಲಾಭ ಅನ್ನೋದು ನಿಜ ಜೀವನದಲ್ಲೂ ಹಾಗೇ. ಕಿಟಕಿ ಸರಳಿಗೆ ಮುಖ ಒತ್ತಿ ನಿಂತ ಅಜ್ಜಿಗೆ ಬೀದಿ ಪೂರ್ತಿ ಕಾಣತ್ತೆ, ಬೀದಿಲಿ ಹೋಗೋರಿಗೆ ಅಜ್ಜಿಯ ಮೂಗು ಕಣ್ಣು ಬಿಟ್ಟು ಏನೂ ಕಾಣಲ್ಲ.

ಇನ್ನೊಂದು ವಿಷಯ ಈ ಮ್ಯಾಪಲ್ಲೇ ಇದೆ. ಬಿಲ್ಲುಗಾರ ಇನ್ನೆರಡು ಮನೆ ಮೇಲಕ್ಕೆ, ಐದನೇ ಸಾಲಿಗೆ ಸರಿದ್ರೆ ಬಲಗಡೆ ಮೇಲಿನ ಮೂಲೆಯಿಂದ ನಾಲ್ಕೂ ದಾರ ಪೀಪಾಯಿ ಬಿಟ್ಟು ಹೋಗತ್ತೆ, ಮರೆ ಮಾಯ. ಎರಡು ಮನೆ ಅಂದ್ರೆ 10 ಅಡಿ, ಸಾಮಾನ್ಯ ಪಾತ್ರ ಒಂದು ಸರದೀಲಿ 30 ಅಡಿ ನಡೀಬಹುದು. ಮರೆ ಅನ್ನೋದು ಗಾಬ್ಲಿನ್ ತನ್ನ ಜೊತೆ ಹೊತ್ಕೊಂಡು ತಿರುಗೋ ಗುಣ ಅಲ್ಲ, ಯಾರ ಕಡೆಯಿಂದ ಅನ್ನೋದರ ಮೇಲೆ ಇರೋದು. ಅದೇ ಗಾಬ್ಲಿನ್‌ಗೆ ಬಿಲ್ಲುಗಾರನಿಂದ ಮರೆ ಇದೆ, ಬಲಗಡೆಯಿಂದ ಬರ್ತಿರೋ ಕತ್ತಿವೀರನಿಂದ ಏನೂ ಇಲ್ಲ.

## ಅದೇ ಮ್ಯಾಪ್, ಬೇರೆ ಪುಸ್ತಕ

ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಒಂದೊಂದು ಕಡೆ ಒಂದೊಂದು ಉತ್ತರ ಸಿಗೋದಕ್ಕೆ ಕಾರಣ ಇದು, ಆಟದ ಪುಸ್ತಕ ಬದಲಾದ್ರೆ ಲೆಕ್ಕ ಬದಲಾಗತ್ತೆ.

2003ರಲ್ಲಿ ಬಂದ ಮೂರೂವರೆ ಆವೃತ್ತಿಲೂ ಮೂಲೆಯಿಂದ ಮೂಲೆಗೇ ಗೆರೆ, ಆದ್ರೆ ನಾಲ್ಕರಲ್ಲಿ ಒಂದಕ್ಕೆ ಅಡ್ಡ ಬಂದ್ರೂ ಸಾಕು, ಪೂರ್ತಿ ಲಾಭ, ಎಸಿಗೆ 4. ಅರ್ಧ ಮುಕ್ಕಾಲು ಅಂತೆಲ್ಲ ಅಲ್ಲಿ ಇರಲಿಲ್ಲ. 2008ರ ನಾಲ್ಕನೇದ್ರಲ್ಲಿ ಎಸಿ ಏರಿಸೋ ಬದಲು ಹೊಡೆಯೋರ ಮೊತ್ತದಿಂದ 2 ಅಥವಾ 5 ಕಳೀತಿದ್ರು, ಐದನೇ ಆವೃತ್ತಿಲಿ ಅದೇ ಅಂಕಿಗಳು ಆಚೆ ಪಕ್ಕಕ್ಕೆ ಬಂದ್ವು ಅಷ್ಟೆ.

ಪಾತ್‌ಫೈಂಡರ್ ಅನ್ನೋ ಸೋದರ ಆಟದ ಎರಡನೇ ಆವೃತ್ತಿ 2019ರಲ್ಲಿ ಬಂತು, ಅವರು ಮೂಲೆಗಳನ್ನೇ ಬಿಟ್ಟುಬಿಟ್ರು. ನಿಮ್ಮ ಮನೆಯ ನಟ್ಟನಡುವಿಂದ ಎದುರಾಳಿ ಮನೆಯ ನಟ್ಟನಡುವಿಗೆ ಒಂದೇ ಗೆರೆ, ಅದಕ್ಕೆ ಗೋಡೆ ಥರದ್ದು ಅಡ್ಡ ಬಂದ್ರೆ 2, ನಡುವೆ ಬರೀ ಇನ್ನೊಬ್ಬ ನಿಂತಿದ್ರೆ 1. ತನ್ನ ಸರದೀಲಿ ಒಂದು ಆಕ್ಷನ್ ಖರ್ಚು ಮಾಡಿ ಮರೆಗೆ ಸರಿಯಾಗಿ ಒರಗಿ ಕೂತ್ರೆ 2 ಇದ್ದಿದ್ದು 4 ಆಗತ್ತೆ. ನಮ್ಮ ಪೀಪಾಯಿ ಮ್ಯಾಪಲ್ಲಿ ನಡುವಿಂದ ನಡುವಿಗೆ ಗೆರೆ ಎಳೆದ್ರೆ ಪೀಪಾಯಿಯ ಮೂಲೆಯಿಂದ ಕೂದಲೆಳೆ ಅಂತರದಲ್ಲಿ ಮೇಲೆ ಹೋಗತ್ತೆ, ತಾಗಲ್ಲ.

ಹಾಗಾಗಿ ಒಂದೇ ಗಾಬ್ಲಿನ್, ಒಂದೇ ಪೀಪಾಯಿ, 2003ರ ಪುಸ್ತಕದಲ್ಲಿ 4, 2014ರಲ್ಲಿ 2, ಪಾತ್‌ಫೈಂಡರಲ್ಲಿ ಸೊನ್ನೆ. ಪಾತ್‌ಫೈಂಡರ್ ಲೆಕ್ಕದಲ್ಲಿ ಇಬ್ಬರ ನಡುವಿನ ಗೆರೆ ಒಂದೇ ಆಗಿರೋದ್ರಿಂದ ಆ ಕಡೆಯಿಂದ ಈ ಕಡೆಗೂ ಈ ಕಡೆಯಿಂದ ಆ ಕಡೆಗೂ ಉತ್ತರ ಒಂದೇ, ಬೇಗ ಮುಗಿಯತ್ತೆ. ಮೂಲೆ ಲೆಕ್ಕ ನಿಧಾನ, ಆದ್ರೆ ಅಜ್ಜಿ ಕಿಟಕಿಯ ಸೂಕ್ಷ್ಮ ಅದರಲ್ಲಿ ಸಿಗತ್ತೆ. ನಂಗೆ ಮೂಲೆ ಲೆಕ್ಕನೇ ಇಷ್ಟ, ದಾರ ಹಿಡಿಯೋವಾಗ ಎಲ್ಲರೂ ಮ್ಯಾಪ್ ಮೇಲೆ ಬಗ್ತಾರೆ.

## ಮಂತ್ರ ಹಾಕೋರ ಕಷ್ಟ

ಬಾಣಕ್ಕಿಂತ ಮಂತ್ರದಲ್ಲಿ ಗೊಂದಲ ಜಾಸ್ತಿ, ಯಾಕಂದ್ರೆ ತುಂಬಾ ಮಂತ್ರಗಳಲ್ಲಿ "ನಿನಗೆ ಕಾಣೋ ಒಬ್ಬರ ಮೇಲೆ" ಅಂತ ಬರ್ದಿರತ್ತೆ, ಓದಿದೋರು ಕಂಡ್ರೆ ಸಾಕು ಅನ್ಕೋತಾರೆ. ಕಾಣೋದರ ಜೊತೆ ದಾರಿನೂ ಕ್ಲಿಯರ್ ಇರ್ಬೇಕು ಅನ್ನೋದು ಎಲ್ಲಾ ಮಂತ್ರಕ್ಕೂ ಅನ್ವಯಿಸೋ ಸಾಮಾನ್ಯ ನಿಯಮ, ಅದು ಪುಸ್ತಕದಲ್ಲಿ ಬೇರೆ ಪುಟದಲ್ಲಿದೆ. ಮುಚ್ಚಿದ ಗಾಜಿನ ಕಿಟಕಿ ಆಚೆ ಶತ್ರು ನಿಂತಿದಾನೆ, ಚೆನ್ನಾಗಿ ಕಾಣ್ತಾನೆ, ಆದ್ರೂ ಅವನಿಗೆ ಪೂರ್ತಿ ಮರೆ. ಗಟ್ಟಿ ವಸ್ತು ಯಾವುದೇ ಇರಲಿ, ಪಾರದರ್ಶಕ ಆಗಿರ್ಲಿ ಇಲ್ದೇ ಇರ್ಲಿ, ಪೂರ್ತಿ ಮರೆ ಕೊಡಬಹುದು ಅಂತ ಆಟ ಮಾಡಿದೋರೇ ಆಮೇಲೆ ಸ್ಪಷ್ಟ ಮಾಡಿದಾರೆ. ಬೇಕರಿ ಗಾಜು ನೆನಪಿಸ್ಕೊಳ್ಳಿ. ವಾಲ್ ಆಫ್ ಫೋರ್ಸ್ ಅನ್ನೋ ಮಂತ್ರದ ಗೋಡೆನೂ ಹೀಗೇ, ಕಣ್ಣಿಗೇ ಕಾಣಲ್ಲ, ಆದ್ರೆ ಯಾವ ವಸ್ತುನೂ ದಾಟಲ್ಲ.

ಇದಕ್ಕೆ ಉಲ್ಟಾ ಮಿಸ್ಟಿ ಸ್ಟೆಪ್. ಅದರಲ್ಲಿ ಕಾಣೋ ಖಾಲಿ ಜಾಗಕ್ಕೆ, 30 ಅಡಿ ಒಳಗೆ, ಮಾಯವಾಗಿ ಹೋಗಿ ನಿಲ್ಲಬಹುದು. ಮಂತ್ರ ಹಾಕ್ತಿರೋದು ನಿಮ್ಮ ಮೇಲೇ ಆದ್ರಿಂದ ನಡುವೆ ಗಾಜಿದ್ರೂ ಪರವಾಗಿಲ್ಲ, ಕಂಡ್ರೆ ಸಾಕು. ಅದೇ ಕಿಟಕಿ, ಒಂದು ಮಂತ್ರಕ್ಕೆ ಬಾಗಿಲು ಹಾಕಿದೆ, ಇನ್ನೊಂದಕ್ಕೆ ತೆಗೆದಿದೆ.

ಫೈರ್‌ಬಾಲ್ ಕಥೆ ಸ್ವಲ್ಪ ನಿಧಾನವಾಗಿ ನೋಡ್ಬೇಕು. 150 ಅಡಿ ಒಳಗೆ ಒಂದು ಬಿಂದು ತೋರಿಸ್ತೀರಿ, ಅಲ್ಲಿಂದ ಸುತ್ತ 20 ಅಡಿ ಬೆಂಕಿ. ಇಲ್ಲಿ ಎಸಿ ಲೆಕ್ಕಕ್ಕೇ ಬರಲ್ಲ, ಒಳಗಿರೋರು ಡೆಕ್ಸ್ಟರಿಟಿ (ಮೈಯ ಚುರುಕು) ಸೇವ್ ಅಂತ ತಾವೇ ದಾಳ ಹಾಕಿ ತಪ್ಪಿಸ್ಕೋಬೇಕು, ಗೆದ್ರೆ ಅರ್ಧ ಏಟು. ಮರೆಯ 2 ಅಥವಾ 5 ಈ ದಾಳಕ್ಕೂ ಸೇರತ್ತೆ. ತಪ್ಪಿಸ್ಕೊಳ್ಳೋಕೆ 15 ಬೇಕು, ನಿಮ್ಮ ಡೆಕ್ಸ್ಟರಿಟಿ ಅಂಕಿ 2 ಅಂದ್ರೆ ಬಯಲಲ್ಲಿ ನೂರಕ್ಕೆ 40 ಅವಕಾಶ, ಅರ್ಧ ಮರೇಲಿ 50, ಮುಕ್ಕಾಲು ಮರೇಲಿ 65.

ಆದ್ರೆ ಮರೆ ಎಲ್ಲಿಂದ ಅಳೆಯೋದು? ಮಂತ್ರವಾದಿ ನಿಂತ ಜಾಗದಿಂದ ಅಲ್ಲ, ಬೆಂಕಿ ಸಿಡಿದ ಬಿಂದುವಿನಿಂದ. ನಮ್ಮ ಮಂತ್ರವಾದಿ ಕೇಳಿದ್ದಕ್ಕೆ ಉತ್ತರ ಇಲ್ಲೇ ಇದೆ. ಪೀಪಾಯಿಯ ಈಚೆ ಬೆಂಕಿ ಸಿಡಿಸಿದ್ರೆ ಗಾಬ್ಲಿನ್‌ಗೆ ಮರೆ ಸಿಗಬಹುದು, ಪೀಪಾಯಿ ದಾಟಿಸಿ ಗಾಬ್ಲಿನ್ ಹಿಂದೆ ಸಿಡಿಸಿದ್ರೆ ಪೀಪಾಯಿ ಇದ್ದೂ ಇಲ್ಲದಂಗೆ. ಕಾಣದೇ ಇರೋ ಜಾಗ ತೋರಿಸಿ ನಡುವೆ ಗೋಡೆ ಇದ್ರೆ ಮಾತ್ರ ಎಚ್ಚರ, ಆ ಬಿಂದು ಗೋಡೆಯ ಈಚೆಗೇ, ನಿಮ್ಮ ಕಡೆಗೇ ಬಂದು ನಿಲ್ಲತ್ತೆ. ನಿಮ್ಮವರೇ ಅಲ್ಲಿ ನಿಂತಿದ್ರೆ ಅವರೇ ಸುಡ್ತಾರೆ. ಸಾಮಾನ್ಯವಾಗಿ ಇಂಥ ಮಂತ್ರಗಳು ಬಿಂದುವಿನಿಂದ ನೇರ ಗೆರೆ ಹೋಗದ ಜಾಗಕ್ಕೆ ತಲುಪಲ್ಲ, ಆದ್ರೆ 2014ರ ಫೈರ್‌ಬಾಲಲ್ಲಿ ಬೆಂಕಿ ಮೂಲೆ ತಿರುಗಿ ಹರಡತ್ತೆ ಅಂತಲೇ ಬರ್ದಿದೆ, ಕಂಬದ ಹಿಂದೆ ಪೂರ್ತಿ ಅಡಗಿದ್ರೂ ಬಿಸಿ ತಟ್ಟತ್ತೆ.

ಸೇಕ್ರೆಡ್ ಫ್ಲೇಮ್ ಅಂತ ಒಂದು ಪುಟ್ಟ ಮಂತ್ರ ಇದೆ, ಅರ್ಚಕ ಪಾತ್ರದೋರು ದಿನಾ ಬಳಸೋದು, ಅದಕ್ಕೆ ಅರ್ಧ ಮುಕ್ಕಾಲು ಮರೆಯ ಲಾಭ ಸಿಗಲ್ಲ. ಗಾಬ್ಲಿನ್ ಕಿಂಡಿ ಹಿಂದೆ ಕೂತು ಕಾಟ ಕೊಡ್ತಿದ್ರೆ ಇದೇ ಮದ್ದು.

## ಕತ್ತಲೆ, ಮಂಜು

ಇಲ್ಲಿವರೆಗೆ ಗಟ್ಟಿ ವಸ್ತುಗಳ ಮಾತಾಯ್ತು. ಮಂಜು, ಹೊಗೆ, ಕತ್ತಲೆ ಬಾಣನ ತಡೆಯಲ್ಲ, ಕಣ್ಣನ್ನ ತಡೆಯತ್ತೆ, ಹಾಗಾಗಿ ಅದಕ್ಕೆ 2, 5 ಅಂತ ಅಂಕಿ ಇಲ್ಲ. ಕಾಣದವರ ಮೇಲೆ ಹೊಡೆದ್ರೆ ಐದನೇ ಆವೃತ್ತಿಲಿ ಡಿಸ್‌ಅಡ್ವಾಂಟೇಜ್, ಎರಡು ಸಲ ದಾಳ ಹಾಕಿ ಕಮ್ಮಿ ಬಂದಿದ್ದು ತಗೋಬೇಕು. ಅವರಿಗೆ ನೀವು ಕಾಣದಿದ್ರೆ ನಿಮಗೆ ಅಡ್ವಾಂಟೇಜ್, ಎರಡರಲ್ಲಿ ಜಾಸ್ತಿ ಬಂದಿದ್ದು. ಇಬ್ಬರೂ ಮಂಜಿನೊಳಗೆ ಇದ್ದು ಇಬ್ಬರಿಗೂ ಕಾಣದಿದ್ರೆ ಎರಡೂ ಒಂದಕ್ಕೊಂದು ವಜಾ, ಮಾಮೂಲಿ ಒಂದು ದಾಳ. ಇದು ಹೊಸಬರಿಗೆ ವಿಚಿತ್ರ ಅನ್ಸತ್ತೆ, ಮಂಜಲ್ಲಿ ಇಬ್ಬರು ಹೊಡೆದಾಡಿದ್ರೆ ಬಯಲಲ್ಲಿ ಹೊಡೆದಾಡಿದಷ್ಟೇ ಸಲೀಸಾ ಅಂತ, ನಿಯಮ ಇರೋದು ಹಾಗೇ.

ಕಾಣದಿರೋದು ಅಂದ್ರೆ ಎಲ್ಲಿದಾರೆ ಅಂತ ಗೊತ್ತಿಲ್ಲದಿರೋದು ಅಂತ ಅಲ್ಲ. ಪಕ್ಕದ ಮನೆ ಕುಕ್ಕರ್ ನಿಮಗೆ ಕಾಣಲ್ಲ, ಆದ್ರೆ ಸೀಟಿ ಹೊಡೆದಾಗ ಎಲ್ಲಿದೆ ಅಂತ ಗೊತ್ತಾಗತ್ತೆ. ಕತ್ತಲಲ್ಲಿರೋ ಶತ್ರುವಿನ ಹೆಜ್ಜೆ ಸದ್ದು ಕೇಳ್ತಿದ್ರೆ ಮ್ಯಾಪಿನ ಯಾವ ಮನೇಲಿದಾನೆ ಅಂತ ಗೊತ್ತು, ಬಾಣ ಬಿಡಬಹುದು, ಡಿಸ್‌ಅಡ್ವಾಂಟೇಜ್ ಇರತ್ತೆ ಅಷ್ಟೆ. ಸದ್ದೂ ಇಲ್ಲದೆ ಬಚ್ಚಿಟ್ಕೊಂಡಿದ್ರೆ ಮನೆಯನ್ನೇ ಊಹಿಸ್ಬೇಕು, ತಪ್ಪು ಮನೆ ಹೇಳಿದ್ರೆ ದಾಳ ಎಷ್ಟೇ ಬರಲಿ ಏಟು ಖಾಲಿ ಜಾಗಕ್ಕೆ. ಪಾತ್‌ಫೈಂಡರಲ್ಲಿ ಇದನ್ನ ಬೇರೆ ಥರ ಮಾಡಿದಾರೆ, ಮಂಜಲ್ಲಿ ಮಸುಕಾಗಿ ಕಾಣೋರಿಗೆ ಹೊಡೆಯೋಕೆ ಮುಂಚೆ ಯಾವ ಅಂಕಿನೂ ಕೂಡಿಸದೆ ಒಂದು ದಾಳ, 5 ಅಥವಾ ಮೇಲೆ ಬರ್ಬೇಕು, ಅಡಗಿರೋರಿಗೆ 11.

ಬೆಳಕಿನ ವಿಷಯದಲ್ಲಿ ಇನ್ನೊಂದು. ಕರೆಂಟ್ ಹೋದ ಬೀದೀಲಿ ಇನ್ವರ್ಟರ್ ಇರೋ ಒಂದೇ ಮನೇಲಿ ಲೈಟ್ ಉರೀತಿದ್ರೆ ಅವರು ಊಟ ಮಾಡೋದು ಬೀದಿಗೆಲ್ಲ ಕಾಣತ್ತೆ, ಅವರಿಗೆ ಬೀದಿ ಕಾಣಲ್ಲ. ಗುಹೆಯೊಳಗೆ ಪಂಜು ಹಿಡ್ಕೊಂಡು ಮುಂದೆ ಹೋಗೋ ಪಾತ್ರದ ಪಾಡೂ ಅದೇ. ಕತ್ತಲೆ ಇರಬೇಕಾದ್ದು ನೋಡೋರ ಸುತ್ತ ಅಲ್ಲ, ನೋಡಿಸ್ಕೊಳ್ಳೋರ ಸುತ್ತ.

## ನಡುವೆ ನಮ್ಮವರೇ ನಿಂತಿದ್ರೆ

ಕತ್ತಿವೀರ ಹೋಗಿ ಗಾಬ್ಲಿನ್ ಮುಂದೆ ನಿಂತ್ಕೊಂಡ, ಹಿಂದಿಂದ ಬಿಲ್ಲುಗಾರ ಬಾಣ ಬಿಡ್ಬೇಕು. ಪುಸ್ತಕದ ಪ್ರಕಾರ ನಮ್ಮ ಕತ್ತಿವೀರನೇ ಗಾಬ್ಲಿನ್‌ಗೆ ಅರ್ಧ ಮರೆ. ಮಿತ್ರನೋ ಶತ್ರುನೋ ಅಂತ ಮರೆಗೆ ಭೇದ ಇಲ್ಲ. ಸುಮಾರು ಟೇಬಲ್‌ಗಳಲ್ಲಿ ಇದನ್ನ ಮರೀತಾರೆ ಅಥವಾ ಬೇಕಂತಲೇ ಬಿಡ್ತಾರೆ, ಬಿಟ್ರೆ ಬಿಲ್ಲುಗಾರನಿಗೆ ಜಾಗ ಹುಡುಕೋ ಕೆಲಸನೇ ಇರಲ್ಲ, ನಿಂತಲ್ಲೇ ನಿಂತು ಹೊಡೀತಾನೆ, ಆಟ ಸಪ್ಪೆ ಆಗತ್ತೆ ಅಂತ ನನಗನ್ಸತ್ತೆ. ಶಾರ್ಪ್‌ಶೂಟರ್ ಅನ್ನೋ ವಿದ್ಯೆ ಕಲಿತ ಪಾತ್ರಕ್ಕೆ ಅರ್ಧ ಮುಕ್ಕಾಲು ಮರೆ ಲೆಕ್ಕಕ್ಕೇ ಇಲ್ಲ, ಡಿಎಂ ಯಾವತ್ತೂ ಮರೆ ಕೊಡದೇ ಇದ್ರೆ ಆ ವಿದ್ಯೆ ಆರಿಸ್ಕೊಂಡೋರಿಗೆ ನಷ್ಟ ಕೂಡ.

ತಪ್ಪಿದ ಬಾಣ ನಡುವಿನವನಿಗೆ ತಾಗತ್ತಾ? ಮಾಮೂಲಿ ನಿಯಮದಲ್ಲಿ ಇಲ್ಲ. ಬೇಕಾದ್ರೆ ಮಾತ್ರ ಬಳಸಿ ಅಂತ 2014ರ ಡಿಎಂ ಪುಸ್ತಕದಲ್ಲಿ ಒಂದು ಐಚ್ಛಿಕ ನಿಯಮ ಇದೆ, ಮರೆ ಇಲ್ದಿದ್ರೆ ತಾಗ್ತಿತ್ತು ಅನ್ನೋ ಮೊತ್ತದಲ್ಲಿ ತಪ್ಪಿದ್ರೆ, ಆ ಮೊತ್ತ ನಡುವಿನವನ ಎಸಿ ದಾಟಿದ್ರೆ, ಅವನಿಗೆ ಬೀಳತ್ತೆ. ಇದನ್ನ ಆಟ ಶುರು ಆಗೋಕೆ ಮುಂಚೆನೇ ಎಲ್ಲರಿಗೂ ಹೇಳಿ ಒಪ್ಪಿಸ್ಬೇಕು, ನಡುವಲ್ಲಿ ತಂದ್ರೆ ಮನಸ್ತಾಪ ಆಗತ್ತೆ.

## ಬಚ್ಚಿಟ್ಕೊಳ್ಳೋಕೆ ಎಷ್ಟು ಮರೆ ಬೇಕು

ಕಣ್ಣಾಮುಚ್ಚಾಲೆ ಆಡಿದ ಯಾರಿಗಾದ್ರೂ ಗೊತ್ತಿರತ್ತೆ, ಕಳ್ಳ ಹಿಡಿಯೋನು ನೋಡ್ತಿರೋವಾಗಲೇ ಬಾಗಿಲ ಹಿಂದೆ ಹೋದ್ರೆ ಪ್ರಯೋಜನ ಇಲ್ಲ. 2024ರ ಪುಸ್ತಕ ಇದನ್ನ ಖಚಿತ ಮಾಡಿದೆ, ದಟ್ಟ ಕತ್ತಲೆ ಮಂಜಿನಂಥದ್ರಲ್ಲಿ ಇರ್ಬೇಕು ಇಲ್ಲಾ ಕನಿಷ್ಠ ಮುಕ್ಕಾಲು ಮರೆ ಇರ್ಬೇಕು, ಯಾವ ಶತ್ರುವಿನ ಲೈನ್ ಆಫ್ ಸೈಟಲ್ಲೂ ಇರಬಾರದು, ಆಮೇಲೆ ದಾಳದ ಒಟ್ಟು ಮೊತ್ತ 15 ಅಥವಾ ಮೇಲೆ ಬರ್ಬೇಕು. ಅರ್ಧ ಮರೆ ಸಾಲಲ್ಲ. ಮೋಟು ಗೋಡೆ ಹಿಂದೆ ಸುಮ್ನೆ ನಿಂತ್ರೆ ಎಸಿಗೆ 2 ಸಿಗತ್ತೆ, ಅಡಗಿದಂಗೆ ಆಗಲ್ಲ.

ನೆಲಕ್ಕೆ ಬಿದ್ದು ಮಲ್ಕೊಳ್ಳೋದನ್ನ ಕೂಡ ಕೆಲವರು ಮರೆ ಅನ್ಕೋತಾರೆ. ಅದು ಬೇರೆ. ದೂರದಿಂದ ಬರೋ ಬಾಣಕ್ಕೆ ಡಿಸ್‌ಅಡ್ವಾಂಟೇಜ್, ಸರಿ, ಆದ್ರೆ 5 ಅಡಿ ಒಳಗೆ ಬಂದು ಹೊಡೆಯೋರಿಗೆ ಅಡ್ವಾಂಟೇಜ್.

## ಓದೋಕೆ, ಆಡೋಕೆ

ಐದನೇ ಆವೃತ್ತಿಯ ಮೂಲ ನಿಯಮಗಳನ್ನ 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಅಡಿಯಲ್ಲಿ ಬಿಟ್ಟಿದಾರೆ, ಅರ್ಧ ಮುಕ್ಕಾಲು ಪೂರ್ತಿ ಮರೆಯ ಭಾಗ ಅದರಲ್ಲಿದೆ, ದುಡ್ಡು ಕೊಡದೆ ಓದಬಹುದು, ಅನುವಾದ ಕೂಡ ಮಾಡಬಹುದು. ದಾರದ ಲೆಕ್ಕ ಮಾತ್ರ ಡಿಎಂ ಪುಸ್ತಕದ್ದು, ಗೊಂಬೆ ಇಟ್ಕೊಂಡು ಆಡೋರಿಗೆ ಅಂತ ಕೊಟ್ಟಿರೋದು, ಬಳಸಲೇಬೇಕು ಅಂತಿಲ್ಲ.

ನಮ್ಮ ಟೇಬಲಲ್ಲಿ ಈಗ ಯಾರಾದ್ರೂ "ಕಾಣತ್ತಾ" ಅಂದ ತಕ್ಷಣ ನಾನು ಮೂರಕ್ಕೂ ಒಟ್ಟಿಗೆ ಉತ್ತರ ಕೊಡೋದು ಶುರು ಮಾಡಿದೀನಿ, "ಕಾಣತ್ತೆ, ದಾರಿ ಇದೆ, ಅರ್ಧ ಮರೆ." ದಾಳ ಹಾಕೋಕೆ ಮುಂಚೆ. ಆವತ್ತು ಜಗಳ ಮುಗಿದ ಮೇಲೆ ಆಟ ಮುಂದುವರೀತು, ಗಾಬ್ಲಿನ್ ಇನ್ನೂ ಪೀಪಾಯಿ ಹಿಂದೆನೇ ಇತ್ತು, ತಮ್ಮನ ಸರದಿ ಬಂತು. ದಾಳ ಮುಟ್ಟಲಿಲ್ಲ ಅವನು, ಮೊದಲು ಟೇಬಲ್ ಮೇಲಿದ್ದ ಹೂದಾರ ತಗೊಂಡ, ಒಂದು ತುದಿ ಅಲ್ಲಿಟ್ಟ, ಇಲ್ಲಿಟ್ಟ, ಮತ್ತೆ ತನ್ನ ಕಾಯಿನ ಎರಡು ಮನೆ ಮೇಲಕ್ಕೆ ಸರಿಸಿದ. "ಈಗ ಹೇಳಕ್ಕಾ" ಅಂದ. ಕಾಣತ್ತೆ, ದಾರಿ ಇದೆ, ಮರೆ ಇಲ್ಲ ಅಂದೆ.